ಡಾಕ್ಟರ್ ಅಲ್ಲದ ಅಮ್ಮ ಇನ್ನೊಂದು ಮನೆಗೆ ಹೋಗಿ ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಅಪರೂಪದ ಕಾಯಿಲೆಯಿದೆ. ಇಂಥ ಕುಟುಂಬಗಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಉಡುಪಿ ಕಡೆ ಸ್ವಯಂಸೇವಕರು ಬೇಕಂತೆ. ನಾನು ಡಾಕ್ಟರ್ ಅಲ್ಲ. ಬೇರೆ ಮಕ್ಕಳ ಕಾಯಿಲೆಯ ಹೆಸರೂ ನನಗೆ ಗೊತ್ತಿಲ್ಲ. ನನ್ನಿಂದ ಏನು ಉಪಯೋಗ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಖಂಡಿತ ಸೇರಿ. ಮದ್ದು, ಡೋಸ್ ವಿಷಯಕ್ಕೆ ಮಾತ್ರ ಹೋಗಬೇಡಿ. ಉಳಿದದ್ದು ನಿಮಗೆ ಆಗಲೇ ಬರುತ್ತದೆ. ಫೈಲನ್ನೇ ನೋಡಿ. ಹೊಸಬರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಸ್ಕ್ಯಾನ್, ಬಿಲ್ಲು, ಡಿಸ್ಚಾರ್ಜ್ ಚೀಟಿ ಎಲ್ಲ ಅದರಲ್ಲಿ ಕಲಸಿ ಹೋಗಿರುತ್ತದೆ. ತಾರೀಕಿನ ಪ್ರಕಾರ ಜೋಡಿಸಿ, ಜೀನ್ ಟೆಸ್ಟ್ ವರದಿಯನ್ನು ಮೇಲಿಟ್ಟು, ಫೋನಿನಲ್ಲಿ ಫೋಟೋ ತೆಗೆದುಕೊಡಿ. ಮಣಿಪಾಲದ ಕೆಎಂಸಿ ಆಸ್ಪತ್ರೆಯಲ್ಲಿ ಇಂಥ ಕಾಯಿಲೆಗಳಿಗೆ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ ಅಂತ ಹೇಳಿ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಯಾದರೆ 50 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ನೆರವು ಸಿಗಬಹುದು, ಅದಕ್ಕೆ ಆ ನೀತಿಯಡಿ ಗುರುತಿಸಿದ ಬೆಂಗಳೂರಿನ ಕೇಂದ್ರದಲ್ಲಿ ಹೆಸರು ಬರೆಸಬೇಕು ಅಂತಲೂ ಹೇಳಿ.

ಆದರೆ ಆ ಮನೆಗಳಲ್ಲಿ ಕಾಗದಕ್ಕಿಂತ ಮೊದಲು ಎದುರಾಗುವುದು ಒಂದು ಮಾತು. "ನಮ್ಮ ಕುಟುಂಬದಲ್ಲಿ ಯಾರಿಗೂ ಇಂಥದ್ದಿಲ್ಲ. ಇದು ಅವಳ ಕಡೆಯಿಂದ ಬಂದದ್ದು." ಚಾವಡಿಯಲ್ಲಿ ಕೂತು ಅಜ್ಜಿ ಹೇಳುತ್ತಾರೆ. ಒಳಗೆ ಹಾಲು ಬಿಸಿ ಮಾಡುತ್ತಿರುವ ಸೊಸೆಗೆ ಅದು ಕೇಳುತ್ತದೆ. ದಯವಿಟ್ಟು ಈ ಮಾತನ್ನು ಸುಮ್ನೆ ಬಿಟ್ಟು ಬರಬೇಡಿ.

ಹೆಚ್ಚಿನ ಜೀನ್‌ಗಳು ನಮ್ಮಲ್ಲಿ ಜೋಡಿಯಾಗಿರುತ್ತವೆ, ಅಪ್ಪನದ್ದೊಂದು, ಅಮ್ಮನದ್ದೊಂದು. ಎಷ್ಟೋ ಕಾಯಿಲೆಗಳು ಎರಡೂ ಕೆಟ್ಟರೆ ಮಾತ್ರ ಬರುತ್ತವೆ. ಒಂದೇ ಕೆಟ್ಟಿದ್ದರೆ ಆ ಮನುಷ್ಯನಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಎಸ್‌ಎಂಎ ಅನ್ನುವ ಸ್ನಾಯು ದುರ್ಬಲವಾಗುವ ಕಾಯಿಲೆಯ ಜೀನನ್ನು ಹೀಗೆ ಹೊತ್ತವರು ಸುಮಾರು 50 ಜನರಲ್ಲಿ ಒಬ್ಬರು. ಒಂದು ಬಸ್ಸಿನ ತುಂಬ ಜನ ಇದ್ದರೆ ಅವರಲ್ಲಿ ಒಬ್ಬರು ಅಂತ ಲೆಕ್ಕ. ಏಳು ತಲೆಮಾರಿನಲ್ಲಿ ಯಾರಿಗೂ ಕಾಯಿಲೆ ಇಲ್ಲ ಅಂದರೆ ಜೀನೂ ಇಲ್ಲ ಅಂತ ಅರ್ಥ ಅಲ್ಲ. ಇಲ್ಲಿ ಎರಡೂ ಕಡೆಯ ಪಾಲು ಸಮ.

ಇನ್ನು ಕೆಲವು ಯಾರ ಕಡೆಯಿಂದಲೂ ಬಂದದ್ದಲ್ಲ. ಅಕಾಂಡ್ರೋಪ್ಲೇಸಿಯಾ ಇರುವ, ಎತ್ತರ ಬೆಳೆಯದ ಮಕ್ಕಳಲ್ಲಿ ಸುಮಾರು 80 ಶೇಕಡದವರ ಅಪ್ಪ ಅಮ್ಮ ಮಾಮೂಲಿ ಎತ್ತರದವರೇ. ಆ ಬದಲಾವಣೆ ಮಗುವಿನಲ್ಲೇ ಹೊಸದಾಗಿ ಆದದ್ದು. ಹೆಚ್ಚಾಗಿ ಗಂಡುಮಕ್ಕಳಲ್ಲಿ ಸ್ನಾಯು ಕ್ಷೀಣಿಸುವ ಡುಶೆನ್ ಕಾಯಿಲೆ ತಾಯಿಯ ಮೂಲಕ ಬರುವುದುಂಟು, ನಿಜ. ಅದರಲ್ಲೂ ಸುಮಾರು ಮೂರರಲ್ಲೊಂದು ಹೊಸತೇ. ಬಂದದ್ದೇ ಆದರೂ, ತನ್ನೊಳಗೆ ಇದೆ ಅಂತಲೇ ಗೊತ್ತಿಲ್ಲದ ಹೆಂಗಸಿನ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ?

"ಮಾವನ ಮಗಳನ್ನು ತಂದದ್ದಕ್ಕೇ ಹೀಗಾಯಿತು" ಅನ್ನುವವರೂ ಇದ್ದಾರೆ. ಸಂಬಂಧದಲ್ಲಿ ಮದುವೆಯಾದರೆ ಅಪಾಯ ಜಾಸ್ತಿ, ಸುಳ್ಳಲ್ಲ. ಆದರೆ ಹಾಗೆ ಮದುವೆಯಾದವರಿಗೂ ಹುಟ್ಟುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಆರೋಗ್ಯವಾಗಿರುತ್ತಾರೆ. ಸಂಬಂಧವೇ ಇಲ್ಲದ ಮನೆಗಳಲ್ಲೂ ಈ ಕಾಯಿಲೆಗಳಿವೆ. ನಾಗದೋಷ ಅಂತ ನಾಗನಿಗೆ ತಂಬಿಲದ ಪೂಜೆ ಕೊಡುವುದಾದರೆ ಕೊಡಲಿ, ಅದು ಅವರ ನಂಬಿಕೆ. ದೋಷ ಸೊಸೆಯದ್ದು ಅಂತ ಮಾತ್ರ ಆಗಬಾರದು.

ಇಷ್ಟು ಹೇಳಿದ ಮೇಲೆ ಯಾರೂ ಬಾಯಿಬಿಟ್ಟು ಕೇಳದ ಇನ್ನೊಂದು ವಿಷಯ ಉಳಿಯುತ್ತದೆ, ಎರಡನೇ ಮಗು. ಅಪ್ಪ ಅಮ್ಮ ಇಬ್ಬರೂ ಜೀನ್ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲೊಂದು. "ಮೊದಲನೆಯದಕ್ಕೆ ಬಂದು ಹೋಯಿತಲ್ಲ, ಇನ್ನು ಮೂರು ಮಕ್ಕಳಿಗೆ ಭಯ ಇಲ್ಲ" ಅನ್ನುವ ಲೆಕ್ಕ ತಪ್ಪು. ಬಸಿರಿನ ಸುಮಾರು 11ನೇ ವಾರದಿಂದಲೇ ಪರೀಕ್ಷೆ ಸಾಧ್ಯ. ಆದರೆ ಯಾವ ಜೀನಿನಲ್ಲಿ ಏನನ್ನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ಅದಕ್ಕೇ ಮೊದಲ ಮಗುವಿನ ವರದಿಯನ್ನು ಫೈಲಿನಲ್ಲಿ ಮೇಲಿಡಿ ಅಂದದ್ದು. ಮಗುವಿನ ಸ್ಥಿತಿ ಗಂಭೀರವಾಗಿದ್ದು ಜೀನ್ ಟೆಸ್ಟ್ ಇನ್ನೂ ಆಗಿರದಿದ್ದರೆ, ಮುಂದೆ ಟೆಸ್ಟ್ ಮಾಡಿಸಲು ಮಗುವಿನ ಡಿಎನ್‌ಎ ತೆಗೆದಿಡಲು ಆಗುತ್ತದೆಯೇ ಅಂತ ಡಾಕ್ಟರನ್ನು ಕೇಳಲು ಮನೆಯವರಿಗೆ ಮೆತ್ತಗೆ ನೆನಪಿಸಿ. ಆ ಹೊತ್ತಿನಲ್ಲಿ ಅವರಿಗೆ ಅದು ಹೊಳೆಯುವುದಿಲ್ಲ.