ಇಗ್ವಾನೊಡಾನ್ ಹಲ್ಲು ಸಿಕ್ಕಿದ್ದು ರಸ್ತೆ ಬದಿಯಲ್ಲೇನಾ?

ಪ್ರಶ್ನೆ: ಇಗ್ವಾನೊಡಾನ್ ಎಂಬ ಸಸ್ಯಾಹಾರಿ ಡೈನೋಸಾರನ್ನು ಕಂಡುಹಿಡಿದದ್ದು ಒಬ್ಬ ಡಾಕ್ಟರ ಹೆಂಡತಿಯಂತೆ. ಗಾಡಿಯಲ್ಲಿ ಬಂದ ಗಂಡ ರೋಗಿಯನ್ನು ನೋಡಲು ಮನೆಯೊಳಗೆ ಹೋಗಿದ್ದಾಗ ಆಕೆ ಹೊರಗೆ ಅಡ್ಡಾಡುತ್ತಿದ್ದರಂತೆ. ರಸ್ತೆ ರಿಪೇರಿಗೆ ಹಾಕಿದ್ದ ಕಲ್ಲಿನ ರಾಶಿಯಲ್ಲಿ ದೊಡ್ಡ ಹಲ್ಲು ಸಿಕ್ಕಿತಂತೆ. ಇದು ನಿಜವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮುಗಿಯುವುದಿಲ್ಲ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಅದೇ ಕಥೆ ಹೊಸ ಬಣ್ಣ ಬಳಿದುಕೊಂಡು ಬರುತ್ತದೆ. ಮಕ್ಕಳ ಪುಸ್ತಕದಲ್ಲೂ ಇದೆ, ರಸಪ್ರಶ್ನೆಯಲ್ಲೂ ಇದೆ. ಆದ್ದರಿಂದ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಆ ರಸ್ತೆ ಬದಿಯ ದೃಶ್ಯಕ್ಕೆ ಆಧಾರವಿಲ್ಲ. ಆ ಹೆಂಗಸಿಗೆ ಒಂದು ಹಲ್ಲೂ ಸಿಕ್ಕಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಸಿಕ್ಕಿರಬಹುದು. ಆದರೆ ಗಾಡಿ, ರೋಗಿ, ಕಲ್ಲಿನ ರಾಶಿ ಎಲ್ಲ ಸೇರಿದ ಆ ಸಿದ್ಧ ಚಿತ್ರವನ್ನು ಇತಿಹಾಸ ಅಂತ ಒಪ್ಪಲು ಆಗುವುದಿಲ್ಲ.

ಡಾಕ್ಟರ ಹೆಸರು ಗಿಡಿಯನ್ ಮ್ಯಾಂಟೆಲ್. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಲೂಯಿಸ್ ಪಟ್ಟಣದಲ್ಲಿ ಅವರ ವೈದ್ಯಕೀಯ. ಹಗಲು ರೋಗಿಗಳು, ಉಳಿದ ಹೊತ್ತೆಲ್ಲ ಪಳೆಯುಳಿಕೆಗಳು. ಹೆಂಡತಿ ಮೇರಿ ಆನ್. ಕಥೆ ನಡೆಯುವುದು ಕಕ್‌ಫೀಲ್ಡ್ ಎಂಬ ಊರಿನ ಹತ್ತಿರ, 1822ರಲ್ಲಿ. ಕೆಲವರು ಅದಕ್ಕೆ ‘ಬೇಸಿಗೆಯ ಒಂದು ದಿನ’ ಅಂತಲೂ ಸೇರಿಸುತ್ತಾರೆ.

ಈಗ ಕಾಗದಪತ್ರ ನೋಡೋಣ. ಕಕ್‌ಫೀಲ್ಡ್ ಪಕ್ಕದ ವೈಟ್‌ಮನ್ಸ್ ಗ್ರೀನ್‌ನಲ್ಲಿ ಒಂದು ಕಲ್ಲಿನ ಕ್ವಾರಿ ಇತ್ತು. ಅಲ್ಲಿಂದ ಮ್ಯಾಂಟೆಲ್ ಕೈಗೆ ದೊಡ್ಡ ಮೂಳೆಗಳು ಬರತೊಡಗಿದ್ದು 1820ರಲ್ಲಿ. ಅವರ ಟಿಪ್ಪಣಿಗಳಲ್ಲೇ ಅದು ಇದೆ. 1821ರಲ್ಲಿ ಅವರು ಸೊಪ್ಪು ತಿನ್ನುವ ಪ್ರಾಣಿಯ ಹಲ್ಲುಗಳ ಬಗ್ಗೆಯೂ ಬರೆದಿದ್ದಾರೆ. ಸಸೆಕ್ಸಿನ ಪಳೆಯುಳಿಕೆಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ ಅಚ್ಚಾಗಿ ಬಂದದ್ದು 1822ರ ಮೇ ತಿಂಗಳಲ್ಲಿ. ಆ ಹಲ್ಲುಗಳ ಮಾತು ಅದರಲ್ಲೂ ಬರುತ್ತದೆ. ಪುಸ್ತಕ ಬರೆದು, ಚಿತ್ರ ಕೆತ್ತಿಸಿ, ಅಚ್ಚು ಹಾಕಿಸಲು ಎಷ್ಟು ತಿಂಗಳು ಹಿಡಿಯುತ್ತದೆ, ಯೋಚನೆ ಮಾಡಿ. ಮೇ ತಿಂಗಳಿಗೆ ಅಚ್ಚಾದ ಹಲ್ಲು ಆಮೇಲಿನ ಬೇಸಿಗೆಯಲ್ಲಿ ರಸ್ತೆ ಬದಿ ಮೊದಲ ಸಲ ಸಿಗುವುದು ಹೇಗೆ? ಕಥೆಯ ತಾರೀಖೇ ಕೂರುವುದಿಲ್ಲ.

ಇನ್ನು ರೋಗಿಯ ಮಾತು. ಮ್ಯಾಂಟೆಲ್ ರೋಗಿಗಳನ್ನು ನೋಡಲು ಹೋಗುವಾಗ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು ಅನ್ನುವುದಕ್ಕೆ ಯಾವ ಪುರಾವೆಯೂ ಇಲ್ಲ. ಅವರು ದಿನಚರಿ ಬರೆಯುತ್ತಿದ್ದ ಮನುಷ್ಯ. ತಮ್ಮ ಜೀವನದ ಅತಿ ದೊಡ್ಡ ವಸ್ತು ಹಾಗೆ ಬೀದಿಯಲ್ಲಿ ಸಿಕ್ಕಿದ್ದರೆ ಒಂದು ಸಾಲಾದರೂ ಗೀಚುತ್ತಿದ್ದರು, ಅಲ್ವಾ?

‘ಹಾಗಾದರೆ ಆಕೆಯ ಹೆಸರು ಸುಮ್ನೆ ಬಂತಾ?’ ಅಂತ ಕೇಳುವವರಿದ್ದಾರೆ. ಸುಮ್ನೆ ಬರಲಿಲ್ಲ. ಮೊದಲ ಹಲ್ಲು ಸಿಕ್ಕಿದ್ದು ಹೆಂಡತಿಗೆ ಅಂತ ಮ್ಯಾಂಟೆಲ್ ಅವರೇ 1827ರಲ್ಲಿ ಬರೆದರು, 1833ರಲ್ಲಿ ಮತ್ತೆ ಬರೆದರು. ಆಮೇಲೆ 1851ರಲ್ಲಿ ‘ಸಿಕ್ಕಿದ್ದು ನನಗೆ’ ಅಂತ ಬರೆದರು. ನಡುವೆ 1839ರಲ್ಲಿ ಮೇರಿ ಆನ್ ಗಂಡನನ್ನು ಬಿಟ್ಟು ಹೋಗಿದ್ದರು. ಮನೆ ತುಂಬ ಕಲ್ಲು, ಮೂಳೆ. ದುಡ್ಡು ಹೊತ್ತು ಎಲ್ಲ ಅದಕ್ಕೇ ಸುರಿದ ಗಂಡ. ಸಂಸಾರ ನಿಲ್ಲಲಿಲ್ಲ. ಹಾಗಾಗಿ 1851ರ ಮಾತನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಒಬ್ಬನೇ ಸಾಕ್ಷಿ, ಎರಡು ಹೇಳಿಕೆ. ಇಷ್ಟನ್ನು ಇಟ್ಟುಕೊಂಡು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಒಂದೇ: ಮೊದಲ ಹಲ್ಲನ್ನು ಎತ್ತಿಕೊಂಡವರು ಯಾರು ಅನ್ನುವುದು ತೀರ್ಮಾನವಾಗುವ ವಿಷಯ ಅಲ್ಲ. ಹಾಗೆ ನಿಲ್ಲಿಸಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ಜನ ಅಲ್ಲಿಗೆ ಗಾಡಿ ತಂದರು, ರೋಗಿಯನ್ನು ಮಲಗಿಸಿದರು, ಬಿಸಿಲು ಹಚ್ಚಿದರು.

ಈ ಕಥೆಯ ಮೇಲೆ ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಇದು ಮೂರು ಜನರಿಗೆ ಅನ್ಯಾಯ ಮಾಡುತ್ತದೆ. ಮೊದಲನೆಯದು ಕ್ವಾರಿಯ ಕೆಲಸಗಾರರಿಗೆ. ಬಂಡೆ ಒಡೆಯುವಾಗ ಮೂಳೆ ಕಂಡರೆ ಎತ್ತಿಟ್ಟು, ಪೆಟ್ಟಿಗೆಗೆ ತುಂಬಿ ಲೂಯಿಸ್‌ಗೆ ಕಳಿಸುತ್ತಿದ್ದವರು ಅವರು. ಅದಕ್ಕೆ ಮ್ಯಾಂಟೆಲ್ ದುಡ್ಡು ಕೊಡುತ್ತಿದ್ದರು. ಅವರ ಕಣ್ಣು ಚುರುಕಾಗಿರದಿದ್ದರೆ ಈ ಇತಿಹಾಸವೇ ಇಲ್ಲ. ಎರಡನೆಯದು ಮೇರಿ ಆನ್ ಅವರಿಗೇ. 1822ರ ಆ ಪುಸ್ತಕದಲ್ಲಿ 42 ಚಿತ್ರಫಲಕಗಳಿವೆ. ಗಂಡ ಬರೆದ ಚಿತ್ರಗಳನ್ನು ನೋಡಿ ಅವುಗಳಲ್ಲಿ ಬಹುಪಾಲನ್ನು ಲೋಹದ ಮೇಲೆ ಕೆತ್ತಿದವರು ಆಕೆ. ಸಣ್ಣ ಮಕ್ಕಳನ್ನು ಸಾಕಿಕೊಂಡು, ಗೆರೆಯ ಮೇಲೆ ಗೆರೆ ಎಳೆದು ಮಾಡಿದ ಕೆಲಸ ಅದು. ಸಾಕ್ಷಿ ಸಮೇತ ಕಣ್ಣ ಮುಂದೆ ಇರುವ ಆ ದುಡಿಮೆಯನ್ನು ಬಿಟ್ಟು, ‘ಅಡ್ಡಾಡುವಾಗ ಅದೃಷ್ಟಕ್ಕೆ ಸಿಕ್ಕಿತು’ ಅಂತ ಹೇಳಿದರೆ ಅದು ಗೌರವವಾ? ಮೂರನೆಯದು ಮ್ಯಾಂಟೆಲ್ ಅವರಿಗೆ. ಹಲ್ಲು ಸಿಕ್ಕಿದ್ದು ಆರಂಭ ಅಷ್ಟೇ. ಅದು ಏನು ಅಂತ ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ಕಂಡುಹಿಡಿದದ್ದು ಅಂದರೆ ಆ ನಾಲ್ಕು ವರ್ಷ.

ಅಂಥ ಕಷ್ಟ ಏನಿತ್ತು ಆ ಹಲ್ಲಿನಲ್ಲಿ? ಅದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸವೆಯದ ಹಲ್ಲು ಎಲೆಯ ಆಕಾರದ್ದು. ಒಂದು ಮುಖದ ಮೇಲೆ ಉದ್ದಕ್ಕೆ ಏಣುಗಳು. ಎರಡೂ ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಕಚ್ಚುಗಳು. ಇದು ಹೊಸ ಹಲ್ಲಿನ ಮಾತು. ಹಳೆಯ ಹಲ್ಲಿನಲ್ಲಿ ಕಚ್ಚುಗಳೆಲ್ಲ ಮಾಯ, ತುದಿಯೂ ಇಲ್ಲ. ಮೇಲ್ಭಾಗ ಓರೆಯಾಗಿ ತೇಯ್ದು ಸಪಾಟಾಗಿದೆ. ಅಂದರೆ ಆ ಪ್ರಾಣಿ ಗಟ್ಟಿ ಸೊಪ್ಪುಸದೆಯನ್ನು ಬಾಯಲ್ಲಿಟ್ಟುಕೊಂಡು ಅಗಿಯುತ್ತಿತ್ತು. ಹಲ್ಲಿಗೆ ಹಲ್ಲು ಉಜ್ಜುತ್ತಿತ್ತು.

ತೊಡಕು ಇಲ್ಲೇ ಇರುವುದು. ಈಗ ಬದುಕಿರುವ ಸರೀಸೃಪಗಳು ಹೀಗೆ ಅಗಿಯುವುದಿಲ್ಲ. ಮೊಸಳೆ ಹರಿದು ನುಂಗುತ್ತದೆ, ಹಾವು ಇಡಿಯಾಗಿ ನುಂಗುತ್ತದೆ. ಸೊಪ್ಪು ತಿನ್ನುವ ಹಲ್ಲಿ ಜಾತಿಯವೂ ಕತ್ತರಿಸಿ ನುಂಗುತ್ತವೆ. ಅಗಿದು ಅಗಿದು ಹಲ್ಲು ಸಪಾಟಾಗುವುದು ಹಸು, ಕುದುರೆ, ಖಡ್ಗಮೃಗದಂಥ ಸಸ್ತನಿಗಳಲ್ಲಿ. ಆದ್ದರಿಂದ ಆ ಹಲ್ಲು ನೋಡಿದ ಯಾವ ತಜ್ಞರಿಗೂ ‘ಇದು ಸಸ್ತನಿ’ ಅಂತಲೇ ಅನಿಸಬೇಕು. ಆದರೆ ಅದು ಸಿಕ್ಕಿದ ಬಂಡೆ ಸೀಮೆಸುಣ್ಣದ ಪದರಕ್ಕಿಂತ ಕೆಳಗಿನದು, ಅಂದರೆ ಅದಕ್ಕಿಂತಲೂ ಹಳೆಯದು. ಅಷ್ಟು ಹಳೆಯ ಕಾಲದಲ್ಲಿ ಅಂಥ ದೊಡ್ಡ ಸಸ್ತನಿ ಇರಲು ಸಾಧ್ಯವಿಲ್ಲ ಅಂತ ಆಗಲೇ ಗೊತ್ತಿತ್ತು. ಹಲ್ಲು ಒಂದು ಹೇಳುತ್ತದೆ, ಬಂಡೆ ಇನ್ನೊಂದು ಹೇಳುತ್ತದೆ.

1822ರಲ್ಲಿ ಮ್ಯಾಂಟೆಲ್ ಈ ಹಲ್ಲುಗಳನ್ನು ಲಂಡನ್ನಿನ ವಿದ್ವಾಂಸರ ಮುಂದಿಟ್ಟರು. ಅವರಲ್ಲಿ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಕೂಡ ಇದ್ದರು. ಯಾವುದೋ ಮೀನಿನದು ಅಂದರು, ಇಲ್ಲವೇ ಮೇಲಿನ ಹೊಸ ಮಣ್ಣಿನಿಂದ ಜಾರಿಬಂದ ಸಸ್ತನಿಯದು ಅಂದರು. ಮ್ಯಾಂಟೆಲ್ ಬೆನ್ನು ತಟ್ಟಿದವರು ರಸಾಯನ ವಿಜ್ಞಾನಿ ವಿಲಿಯಂ ವೊಲಾಸ್ಟನ್ ಒಬ್ಬರೇ. 1823ರ ಜೂನ್ ತಿಂಗಳಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಪ್ಯಾರಿಸ್‌ಗೆ ಹೋಗುವಾಗ ಹಲ್ಲು ತೆಗೆದುಕೊಂಡು ಹೋಗಿ ಜಾರ್ಜ್ ಕುವಿಯೆ ಅವರಿಗೆ ತೋರಿಸಿದರು. ಮೂಳೆಗಳ ವಿಷಯದಲ್ಲಿ ಯುರೋಪಿನಲ್ಲಿ ಕುವಿಯೆ ಮಾತೇ ಕೊನೆಯ ಮಾತು. ಒಂದು ಸಂಜೆ ಕೂಟದಲ್ಲಿ ನೋಡಿ, ‘ಖಡ್ಗಮೃಗದ ಬಾಚಿಹಲ್ಲು’ ಅಂದುಬಿಟ್ಟರು. ಮರುದಿನವೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಮ್ಯಾಂಟೆಲ್‌ಗೆ ಮುಟ್ಟಿದ್ದು ಹಿಂದಿನ ರಾತ್ರಿಯ ಮಾತು ಮಾತ್ರ. ಒಂದು ವರ್ಷ ಆ ಮನುಷ್ಯ ಅದನ್ನು ಹೊತ್ತುಕೊಂಡೇ ಓಡಾಡಿದರು. ಪಟ್ಟು ಮಾತ್ರ ಬಿಡಲಿಲ್ಲ.

1824ರಲ್ಲಿ ಬಕ್‌ಲ್ಯಾಂಡ್ ಮೆಗಲೋಸಾರಸ್ ಎಂಬ ಮಾಂಸಾಹಾರಿಯನ್ನು ವಿವರಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ಲೂಯಿಸ್‌ಗೆ ಬಂದು ಮ್ಯಾಂಟೆಲ್ ಸಂಗ್ರಹ ನೋಡಿ, ಮೂಳೆಗಳು ದೈತ್ಯ ಸರೀಸೃಪದವು ಅಂತ ಒಪ್ಪಿದರು. ಸೊಪ್ಪು ತಿನ್ನುತ್ತಿತ್ತು ಅನ್ನುವುದನ್ನು ಒಪ್ಪಲಿಲ್ಲ. ಮ್ಯಾಂಟೆಲ್ ಮತ್ತೆ ಕುವಿಯೆಗೆ ಹಲ್ಲು ಕಳಿಸಿದರು. ಜೂನ್ 22ರಂದು ಉತ್ತರ ಬಂತು: ಇದು ಸರೀಸೃಪದ್ದೇ, ಬಹುಶಃ ಇಲ್ಲಿರುವುದು ಹೊಸದೊಂದು ಪ್ರಾಣಿ, ಸಸ್ಯಾಹಾರಿ ಸರೀಸೃಪ. ಅದೇ ವರ್ಷ ಕುವಿಯೆ ತಮ್ಮ ಗ್ರಂಥದಲ್ಲಿ ಮೊದಲು ತಪ್ಪಿದ್ದನ್ನೂ ಅಚ್ಚು ಹಾಕಿಸಿದರು. ಆ ಎತ್ತರದಲ್ಲಿ ಕೂತ ಮನುಷ್ಯ ತಪ್ಪನ್ನು ಹಾಗೆ ಬಹಿರಂಗವಾಗಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಕುವಿಯೆ ಮೂರ್ಖರಾಗಿದ್ದರು ಅಂತ ಈ ಪ್ರಸಂಗವನ್ನು ಹೇಳುವವರು ಅದನ್ನು ಓದಿಕೊಳ್ಳಬೇಕು.

ಸೆಪ್ಟೆಂಬರ್‌ನಲ್ಲಿ ಮ್ಯಾಂಟೆಲ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಗ್ರಹಾಲಯಕ್ಕೆ ಹೋದರು. ಅಲ್ಲಿ ಸ್ಯಾಮ್ಯುಯೆಲ್ ಸ್ಟಚ್‌ಬರಿ ಎಂಬ ಸಹಾಯಕ ಕ್ಯುರೇಟರ್ ಸ್ವಲ್ಪ ದಿನದ ಹಿಂದಷ್ಟೇ ಒಂದು ಇಗ್ವಾನಾವನ್ನು ಸಿದ್ಧಪಡಿಸಿ ಇಟ್ಟಿದ್ದರು. ದಕ್ಷಿಣ ಅಮೆರಿಕದ ಕಡೆಯ, ಸೊಪ್ಪು ತಿನ್ನುವ ದೊಡ್ಡ ಹಲ್ಲಿ ಅದು. ಇಬ್ಬರೂ ಅದರ ಹಲ್ಲನ್ನೂ ಮ್ಯಾಂಟೆಲ್ ತಂದ ಹಲ್ಲನ್ನೂ ಹೋಲಿಸಿ ನೋಡಿದರು. ಅದೇ ಎಲೆಯಾಕಾರ, ಅದೇ ಅಂಚಿನ ಕಚ್ಚು. ಮ್ಯಾಂಟೆಲ್ ಹಲ್ಲು ಇಪ್ಪತ್ತು ಪಟ್ಟು ದೊಡ್ಡದು, ಅಷ್ಟೇ ವ್ಯತ್ಯಾಸ. 1825ರ ಫೆಬ್ರವರಿ 10ರಂದು ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದಲ್ಲಿ ಮ್ಯಾಂಟೆಲ್ ಪ್ರಬಂಧ ಓದಲಾಯಿತು. ಇಗ್ವಾನೊಡಾನ್, ಅಂದರೆ ‘ಇಗ್ವಾನಾ ಹಲ್ಲು’, ಅಂತ ಹೆಸರು ಸೂಚಿಸಿದ್ದು ಭೂವಿಜ್ಞಾನಿ ವಿಲಿಯಂ ಕಾನಿಬೇರ್. ಅದೇ ವರ್ಷ ಮ್ಯಾಂಟೆಲ್ ಸೊಸೈಟಿಯ ಫೆಲೋ ಆದರು.

ಹಲ್ಲು ಅಷ್ಟು ಪಟ್ಟು ದೊಡ್ಡದಾದರೆ ಪ್ರಾಣಿಯೂ ಅಷ್ಟೇ ಪಟ್ಟು ಉದ್ದ ಅಂತ ಲೆಕ್ಕ ಹಾಕಿ ಮ್ಯಾಂಟೆಲ್ 18 ಮೀಟರ್ ಅಂದರು. ಆ ಲೆಕ್ಕ ನಿಲ್ಲಲಿಲ್ಲ. ಹಲ್ಲಿಗೂ ಮೈಗೂ ಇರುವ ಅಳತೆ ಎಲ್ಲ ಪ್ರಾಣಿಗಳಲ್ಲಿ ಒಂದೇ ಅಲ್ಲ. ಇಗ್ವಾನೊಡಾನ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉದ್ದ ಇತ್ತು ಅಷ್ಟೇ.

ಹಳೆಯ ಚಿತ್ರಗಳಲ್ಲಿ ಇಗ್ವಾನೊಡಾನ್ ಮೂಗಿನ ಮೇಲಿರುವ ಕೊಂಬಿನ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಬಿಡಿಯಾಗಿ ಸಿಕ್ಕಿದ ಮೊನಚಾದ ಮೂಳೆಯನ್ನು ಮ್ಯಾಂಟೆಲ್ ಕೊಂಬು ಅಂದುಕೊಂಡರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಅಂಗರಚನಾ ವಿಜ್ಞಾನಿ ರಿಚರ್ಡ್ ಓವೆನ್ ಸಲಹೆಯಂತೆ ಮಾಡಿದ ಮೂರ್ತಿಗಳಿಗೂ ಅದೇ ಕೊಂಬು ಬಂತು. 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ, 322 ಮೀಟರ್ ಆಳದಲ್ಲಿ, ಮೂವತ್ತಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕವು. ಮೂಳೆಗಳು ಜೋಡಿಸಿದ ಹಾಗೇ ಇದ್ದವು. ‘ಕೊಂಬು’ ಹೆಬ್ಬೆರಳಿನಲ್ಲಿತ್ತು. ಎರಡು ಕೈಗೂ ಒಂದೊಂದು. ಅವುಗಳನ್ನು ಅಧ್ಯಯನ ಮಾಡಿದವರು ಪಳೆಯುಳಿಕೆ ತಜ್ಞ ಲೂಯಿ ಡೋಲೊ. ಅವರ ಕಾಲದಲ್ಲಿ ಅಸ್ಥಿಪಂಜರಗಳನ್ನು ಕಾಂಗರೂವಿನಂತೆ ನೆಟ್ಟಗೆ ನಿಲ್ಲಿಸಿದ್ದೂ ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು. ಹಾಗೆ ನಿಲ್ಲಬೇಕಾದರೆ ಬಾಲದ ಮೂಳೆ ಮುರಿದು ಬಗ್ಗಿಸಬೇಕಾಗುತ್ತದೆ.

ಈಗ ಯಾರೂ ಕೇಳದ ಒಂದು ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಕೇಳಬೇಕಾದದ್ದು ಇದನ್ನೇ. ಮ್ಯಾಂಟೆಲ್ ಕೈಗೆ ಬಂದ ಆ ಹಲ್ಲುಗಳು ನಾವು ಈಗ ಇಗ್ವಾನೊಡಾನ್ ಅನ್ನುವ ಪ್ರಾಣಿಯವೇನಾ?

ಬಹುಶಃ ಅಲ್ಲ. ವೈಟ್‌ಮನ್ಸ್ ಗ್ರೀನ್ ಬಂಡೆ ಸುಮಾರು 14 ಕೋಟಿ ವರ್ಷ ಹಳೆಯದು. ಬರ್ನಿಸಾರ್ ಪ್ರಾಣಿಗಳು ಅದಕ್ಕಿಂತ ಒಂದು ಕೋಟಿ ವರ್ಷಕ್ಕೂ ಹೆಚ್ಚು ಈಚಿನವು. ಆ ಹಳೆಯ ಪದರಗಳಲ್ಲಿ ಬ್ಯಾರಿಲಿಯಂ, ಹಿಪ್ಸೆಲೋಸ್ಪೈನಸ್ ಅಂತ ಬೇರೆ ಸಂಬಂಧಿಕ ಪ್ರಾಣಿಗಳು ಸಿಕ್ಕಿವೆ. ಈ ಬಳಗದ ಹಲ್ಲುಗಳು ಎಷ್ಟು ಒಂದೇ ತರ ಇರುತ್ತವೆ ಅಂದರೆ ಬರೀ ಹಲ್ಲು ನೋಡಿ ಯಾವ ಜಾತಿ ಅಂತ ಬೇರ್ಪಡಿಸಲು ಆಗುವುದಿಲ್ಲ. ಮೊದಲ ಹೆಸರು ಬಿದ್ದದ್ದೋ ಬರೀ ಹಲ್ಲಿಗೆ. ಹಾಗಾದರೆ ಹೆಸರು ಯಾರಿಗೆ ಸೇರಬೇಕು?

ಪ್ರಾಣಿಗಳ ಹೆಸರಿನ ವಿಷಯದಲ್ಲಿ ತೀರ್ಪು ಕೊಡುವ ಅಂತಾರಾಷ್ಟ್ರೀಯ ಆಯೋಗ 2000ದಲ್ಲಿ ಇದನ್ನು ಬಗೆಹರಿಸಿತು. ಇಗ್ವಾನೊಡಾನ್ ಎಂಬ ಹೆಸರಿಗೆ ಮಾದರಿ ಇನ್ನು ಮುಂದೆ ಬರ್ನಿಸಾರ್ ಜಾತಿ, ಪೂರ್ತಿ ಅಸ್ಥಿಪಂಜರ ಸಿಕ್ಕಿದ್ದು. ಸಸೆಕ್ಸಿನ ಹಲ್ಲುಗಳಿಗೆ ಆ ಸ್ಥಾನ ಹೋಯಿತು. ಇದು ಸರಿಯಾದ ತೀರ್ಪು ಅಂತಲೇ ನನ್ನ ಅಭಿಪ್ರಾಯ. ಹೆಸರಿನ ಬುಡದಲ್ಲಿ ಗುರುತಿಸಬಲ್ಲ ಪ್ರಾಣಿ ಇರಬೇಕು. 1834ರಲ್ಲಿ ಮೇಡ್‌ಸ್ಟೋನ್ ಕ್ವಾರಿಯಲ್ಲಿ ಸಿಕ್ಕಿ, ಗೆಳೆಯರು 25 ಪೌಂಡ್ ಕೊಟ್ಟು ಮ್ಯಾಂಟೆಲ್‌ಗೆ ಕೊಡಿಸಿದ ಪ್ರಸಿದ್ಧ ಬಂಡೆಯ ಮೂಳೆಗಳೂ ಈಗ ಇಗ್ವಾನೊಡಾನ್ ಅಲ್ಲ. ಅವನ್ನು ಕೆಲವರು ಮ್ಯಾಂಟೆಲಿಸಾರಸ್ ಅನ್ನುತ್ತಾರೆ, ಕೆಲವರು ಮ್ಯಾಂಟೆಲೊಡಾನ್ ಅನ್ನುತ್ತಾರೆ. ಎರಡರಲ್ಲಿ ಯಾವುದು ನಿಂತರೂ ಡಾಕ್ಟರ ಹೆಸರು ಅದರಲ್ಲಿರುತ್ತದೆ.