ಚಿನ್ನದ ಬೆಲೆ ಏರಿದರೂ ಶಾಫ್ಟ್ ಅಗಲವಾಗುವುದಿಲ್ಲ

ಚಿನ್ನದ ಬೆಲೆ ಏರಿದಾಗಲೆಲ್ಲ ಗಣಿ ಎಂಜಿನಿಯರುಗಳಿಗೆ ಎದುರಾಗುವ ಪ್ರಶ್ನೆ ಒಂದೇ: ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನೆಲದಡಿ ಇನ್ನೂ ಚಿನ್ನವಿದೆ ಎಂದ ಮೇಲೆ ಹೆಚ್ಚು ಜನರನ್ನು ಇಳಿಸಿ, ಹೆಚ್ಚು ಯಂತ್ರ ಕೊಂಡು, ಉತ್ಪಾದನೆಯನ್ನು ಎರಡು ಪಟ್ಟು ಮಾಡಲು ಏನಡ್ಡಿ? ತೆರೆದ ಗಣಿಯಾಗಿದ್ದರೆ ಈ ಪ್ರಶ್ನೆ ಸರಿಯೇ. ಆಳದ ಗಣಿಯಲ್ಲಿ ಮಾತ್ರ ಅಡ್ಡಿಯಾಗುವುದು ಶಾಫ್ಟ್, ಅಂದರೆ ನೆಲದಿಂದ ಆಳಕ್ಕಿಳಿಯುವ ಬಾವಿಯಂಥ ದಾರಿ.

ಹಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ಚಿನ್ನವಿರುವುದು ಕಡಿದಾಗಿ ಕೆಳಗಿಳಿಯುವ, ಒಂದರ ಪಕ್ಕ ಒಂದರಂತೆ ಸಾಗುವ ರೀಫ್‌ಗಳಲ್ಲಿ, ಅಂದರೆ ಅದಿರಿನ ಪಟ್ಟಿಗಳಲ್ಲಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಕಲ್ಲಿಗೆ ಬೆಂಕಿಯಿಟ್ಟು ಸೀಳಿಸುತ್ತ, ಈ ರೀಫ್‌ಗಳ ಬೆನ್ನುಹತ್ತಿ ಹೆಚ್ಚುಕಡಿಮೆ 200 ಮೀಟರ್ ಆಳದವರೆಗೆ ಇಳಿದಿದ್ದರು. ಪಂಪು, ಫ್ಯಾನು ಇಲ್ಲದ ಕಾಲದಲ್ಲಿ ಅಷ್ಟು ಆಳ ತಲುಪಿದ್ದು ನನಗೆ ಇಂದಿಗೂ ಬೆರಗು. ಆಧುನಿಕ ಗಣಿ ಆರಂಭವಾದದ್ದು 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ. ಈಗಿನ ಪದ್ಧತಿಯಲ್ಲಿ ರೀಫಿನ ಪಕ್ಕದ ಗಟ್ಟಿ ಕಲ್ಲಿನಲ್ಲಿ ನೇರವಾದ ಶಾಫ್ಟ್ ಇಳಿಸಿ, ಅದರಿಂದ ನಿಗದಿತ ಅಂತರಗಳಲ್ಲಿ ಲೆವೆಲ್‌ಗಳನ್ನು (ಅಂತಸ್ತುಗಳನ್ನು) ತೆರೆದು, ಕ್ರಾಸ್‌ಕಟ್ ಎಂಬ ಅಡ್ಡ ಸುರಂಗದ ಮೂಲಕ ರೀಫನ್ನು ಮುಟ್ಟಿ, ಅದರ ಉದ್ದಕ್ಕೂ ಡ್ರೈವ್ ಎಂಬ ಸುರಂಗ ಕೊರೆದು, ಎರಡು ಲೆವೆಲ್‌ಗಳ ನಡುವಿನ ಅದಿರನ್ನು ಸ್ಟೋಪ್ ಎಂಬ, ಅದಿರು ತೆಗೆಯುವ ಕೋಣೆಗಳಲ್ಲಿ ಒಡೆಯಲಾಗುತ್ತದೆ.

ಲೆಕ್ಕವನ್ನು ಸರಳಗೊಳಿಸಲು ಅದಿರಿನಲ್ಲಿ ಟನ್ನಿಗೆ 4 ಗ್ರಾಂ ಚಿನ್ನವಿದೆ ಎಂದುಕೊಳ್ಳೋಣ. ಅದಿರು ಅರೆದು ಚಿನ್ನ ತೆಗೆಯುವ ಗಿರಣಿಯಲ್ಲಿ ಸ್ವಲ್ಪವೂ ನಷ್ಟವಾಗದಿದ್ದರೂ ಒಂದು ಕಿಲೋ ಚಿನ್ನಕ್ಕೆ 250 ಟನ್ ಅದಿರನ್ನು ಮೇಲೆತ್ತಬೇಕು. ಕ್ರಾಸ್‌ಕಟ್ ಮತ್ತು ಡ್ರೈವ್ ಕೊರೆಯುವಾಗ ಬರುವ, ಚಿನ್ನವೇ ಇಲ್ಲದ ಕಲ್ಲನ್ನು ಖಾಲಿ ಸ್ಟೋಪ್‌ಗಳಲ್ಲಿ ತುಂಬಲು ಸಾಧ್ಯವಾಗದಿದ್ದರೆ ಅದೂ ಇದೇ ಶಾಫ್ಟಿನ ಸ್ಕಿಪ್‌ಗಳಲ್ಲೇ (ಕಲ್ಲು ಎತ್ತುವ ತೊಟ್ಟಿಗಳಲ್ಲೇ) ಬರಬೇಕು. ಪಾಳಿಯ ಕಾರ್ಮಿಕರು, ಸಿಡಿಮದ್ದು, ಪೈಪು, ಹಳಿ, ಯಂತ್ರದ ಬಿಡಿಭಾಗಗಳಿಗೂ ಶಾಫ್ಟೇ ದಾರಿ. ಅದರ ತಪಾಸಣೆ ಮತ್ತು ದುರಸ್ತಿಗೂ ಪ್ರತಿದಿನ ಸಮಯ ಮೀಸಲಿಡಬೇಕು. ಇವೆಲ್ಲ ಕಳೆದು ಉಳಿದ ಗಂಟೆಗಳಲ್ಲಿ, ಹಗ್ಗ ಸುತ್ತಿ ಭಾರ ಎತ್ತುವ ಯಂತ್ರವಾದ ವೈಂಡರ್ ಎಷ್ಟು ಟನ್ ಎತ್ತಬಲ್ಲದೋ ಅಷ್ಟೇ ಗಣಿಯ ಸಾಮರ್ಥ್ಯ. ಆಳ ಹೆಚ್ಚಿದಂತೆ ಸ್ಕಿಪ್‌ನ ಒಂದೊಂದು ಸುತ್ತಿಗೂ ಹೆಚ್ಚು ಸಮಯ ಹಿಡಿಯುವುದರಿಂದ, ಏನನ್ನೂ ಬದಲಿಸದೆ ಕೆಳಗಿಳಿಯುತ್ತ ಹೋದರೆ ಈ ಸಾಮರ್ಥ್ಯ ತಾನಾಗಿಯೇ ಕುಗ್ಗುತ್ತದೆ. ಕಾನೂನು ನೆಲದಡಿಯ ಕೆಲಸಕ್ಕೆ ದಿನಕ್ಕೆ 8 ಗಂಟೆಯ ಮಿತಿ ಹಾಕಿರುವುದರಿಂದ, ದೂರದ ಸ್ಟೋಪ್ ತಲುಪಲು ತಗಲುವ ಸಮಯವೆಲ್ಲ ಕೊರೆಯುವ ಸಮಯದಿಂದಲೇ ಕಡಿತವಾಗುತ್ತದೆ.

ಶಾಫ್ಟ್ ಗಾಳಿಗೂ ದಾರಿ, ಮತ್ತು ಹೊರಗಿನವರ ಗಮನಕ್ಕೆ ಬಾರದ ತೊಡಕು ಇರುವುದು ಇಲ್ಲಿಯೇ. ಕೆಳಗಿಳಿಯುವ ಗಾಳಿ ತನ್ನದೇ ಒತ್ತಡಕ್ಕೆ ಬಿಸಿಯಾಗುತ್ತದೆ. ಒಣಗಾಳಿಯಾದರೆ ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್. ಇದಕ್ಕೆ ಕಲ್ಲಿನ ಶಾಖ, ಡೀಸೆಲ್ ಯಂತ್ರಗಳ ಹೊಗೆ, ನೀರಿನ ತೇವ ಸೇರುತ್ತವೆ. ನಮ್ಮ ಲೋಹಗಣಿ ನಿಯಮಾವಳಿಯ ಪ್ರಕಾರ ಕೆಲಸದ ಸ್ಥಳದ ಆರ್ದ್ರ-ಬಲ್ಬ್ ತಾಪಮಾನ (ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿಯುವ ಉಷ್ಣತೆ) 33.5 ಡಿಗ್ರಿ ಮೀರುವಂತಿಲ್ಲ, 30.5 ದಾಟಿದರೆ ಗಾಳಿ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದಲ್ಲಿ ಬೀಸುತ್ತಿರಬೇಕು. ಆದ್ದರಿಂದ ಹೊಸ ಯಂತ್ರ ಕೊಳ್ಳುವ ಮೊದಲು ನಾನು ಕೇಳುವುದು ಅದರ ಬೆಲೆಯನ್ನಲ್ಲ, ಅದಕ್ಕೆ ಬೇಕಾದ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು.

ಆಳ ಎಂದರೇನು ಎಂಬುದಕ್ಕೆ ಕೋಲಾರದ ಚಾಂಪಿಯನ್ ರೀಫ್ ಗಣಿಯೇ ಸಾಕ್ಷಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಆ ಗಣಿಯ ತಳದಲ್ಲಿ ಕಲ್ಲಿನ ಉಷ್ಣತೆಯೇ 60 ಡಿಗ್ರಿ ದಾಟಿತ್ತು. ಒಂದು ಕಿಲೋಮೀಟರ್ ಕಲ್ಲಿನ ಭಾರ ಪ್ರತಿ ಚದರ ಮೀಟರಿಗೆ ಸುಮಾರು 2,700 ಟನ್. ಮೂರು ಕಿಲೋಮೀಟರಿನಲ್ಲಿ ಅದರ ಮೂರು ಪಟ್ಟು. ಆ ಒತ್ತಡದಲ್ಲಿ ಬಿಗಿದ ಕಲ್ಲು ಎಚ್ಚರಿಕೆಯಿಲ್ಲದೆ ಸಿಡಿಯುವುದನ್ನು ಕೆಜಿಎಫ್‌ನವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಉಕ್ಕಿನ ಹಗ್ಗದ್ದೂ ಒಂದು ಮಿತಿಯಿದೆ: ಹಗ್ಗಕ್ಕೆ ಒಟ್ಟು ಭಾರದ ಹತ್ತು ಪಟ್ಟು ತಡೆಯುವ ಶಕ್ತಿ ಇರಬೇಕೆಂದರೆ, ಎರಡು ಕಿಲೋಮೀಟರ್ ಸಮೀಪಿಸುವಷ್ಟರಲ್ಲಿ ಅದರ ಬಲವೆಲ್ಲ ತನ್ನ ತೂಕವನ್ನು ಹೊರುವುದಕ್ಕೇ ಸರಿಹೋಗುತ್ತದೆ. ಅತಿ ಆಳದ ಗಣಿಗಳು ಹಂತಹಂತವಾಗಿ, ನೆಲದಡಿಯಲ್ಲೇ ಎರಡನೆಯ ಶಾಫ್ಟ್ ಆರಂಭಿಸುವುದು ಇದಕ್ಕಾಗಿಯೇ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಗಣಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಆಳದ ಗಾಳಿಯನ್ನು ತಂಪಾಗಿಸಲು ಮೇಲಿನಿಂದ ಹಿಮದ ಕೆಸರನ್ನೇ ಕಳಿಸುತ್ತಾರೆ. ಅಷ್ಟು ಖರ್ಚನ್ನು ಅಲ್ಲಿನ ಅದಿರು ತಡೆದುಕೊಳ್ಳುತ್ತದೆ, ಎಲ್ಲ ಅದಿರೂ ತಡೆದುಕೊಳ್ಳುವುದಿಲ್ಲ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಪಂಪು ನಿಂತ ಮೇಲೆ ಶಾಫ್ಟ್‌ಗಳಲ್ಲಿ ನೀರು ತುಂಬಿತು.

ಹಟ್ಟಿ ಇನ್ನೂ ಆ ಆಳದ ಹತ್ತಿರಕ್ಕೂ ಹೋಗಿಲ್ಲ. ಅಲ್ಲಿ ವಿಸ್ತರಣೆ ಎಂದರೆ ನನ್ನ ಲೆಕ್ಕದಲ್ಲಿ ಹೆಚ್ಚು ಭಾರ ಎತ್ತುವ, ಹೆಚ್ಚು ಗಾಳಿ ಇಳಿಸುವ ಹೊಸ ವೃತ್ತಾಕಾರದ ಶಾಫ್ಟ್. ಇಳಿಜಾರು ಸುರಂಗ ಕೊರೆದು ಲಾರಿಗಳಲ್ಲಿ ಅದಿರು ತರಬಹುದು, ಆದರೆ ಆಳ ಹೆಚ್ಚಿದಂತೆ ಆ ಲಾರಿಗಳೇ ಗಾಳಿಯನ್ನೂ ಡೀಸೆಲ್ಲನ್ನೂ ನುಂಗುತ್ತವೆ. ಇರುವ ಶಾಫ್ಟನ್ನೇ ಆಳಗೊಳಿಸುವುದಾದರೆ ಮೇಲೆ ಅದಿರು ಎತ್ತುತ್ತಿರುವಾಗಲೇ ಕೆಳಗೆ ಜನ ಕೆಲಸ ಮಾಡಬೇಕಾಗುತ್ತದೆ. ಇದು ನನಗೆ ಒಪ್ಪಿತವಾಗದ ಅಪಾಯ. ಹೊಸ ಶಾಫ್ಟಿಗಾದರೋ ಕೊರೆದು, ಸಿಡಿಸಿ, ಕಲ್ಲು ಎತ್ತಿ, ಕಾಂಕ್ರೀಟ್ ಹಾಕುತ್ತ ತಿಂಗಳಿಗೆ ಕೆಲವೇ ಹತ್ತು ಮೀಟರ್ ಇಳಿಯಬೇಕು. ಆಮೇಲೆ ಲೆವೆಲ್‌ಗಳಿಗೆ ಸಂಪರ್ಕ, ವೈಂಡರ್ ಜೋಡಣೆ. ವರ್ಷಗಟ್ಟಲೆ ಖರ್ಚಷ್ಟೇ ಇರುತ್ತದೆ, ಒಂದು ಗ್ರಾಂ ಚಿನ್ನವೂ ಬರುವುದಿಲ್ಲ.

ಇಷ್ಟರ ನಡುವೆ ಬೆಲೆ ಏರಿಕೆ ತರುವ ಇನ್ನೊಂದು ವಿಚಿತ್ರವನ್ನು ಲೆಕ್ಕಪತ್ರ ನೋಡುವವರು ಗಮನಿಸಬೇಕು. ಬೆಲೆ ಹೆಚ್ಚಿದಾಗ ಮೊದಲು ಬಿಟ್ಟುಬಿಡುತ್ತಿದ್ದ ಕಡಿಮೆ ಸತ್ವದ ಅದಿರೂ ಲಾಭದಾಯಕವಾಗುತ್ತದೆ. ಮೀಸಲು ದೊಡ್ಡದಾಗಿ, ಗಣಿಯ ಆಯಸ್ಸು ಹೆಚ್ಚುತ್ತದೆ. ಆದರೆ ಶಾಫ್ಟ್ ಎತ್ತುವ ಟನ್ನುಗಳು ಅಷ್ಟೇ. ಟನ್ನಿಗೆ 4 ಗ್ರಾಂ ಇದ್ದದ್ದು 3 ಗ್ರಾಂಗೆ ಇಳಿದರೆ, ಅದೇ ಶಾಫ್ಟ್, ಅದೇ ಜನ, ಅದೇ ದುಡಿಮೆಯಲ್ಲಿ ಆ ವರ್ಷದ ಚಿನ್ನ ಕಾಲು ಭಾಗ ಕಡಿಮೆಯಾಗುತ್ತದೆ.