ಚಾಳೀಸು ಬಂದ ಮೇಲೆ ಕಸೂತಿ

"ಕಸೂತಿ ಬಿಟ್ಟು ಮೂರು ವರ್ಷ ಆತ್ರೀ. ಮೊದಲಿನ ಹುಚ್ಚು ಈಗಿಲ್ಲ."

ನಾನು ಕಣ್ಣಿನ ಡಾಕ್ಟರು. ಧಾರವಾಡದ ಕಡೆಯ ಈ ಅಕ್ಕ ನನ್ನ ಹತ್ತಿರ ಬಂದದ್ದು ತಲೆನೋವಿಗೆ. ವಯಸ್ಸು 52. ಕಣ್ಣಿಗೆ ಹನಿ ಹಾಕಿ ಕೂರಿಸಿದ್ದಾಗ ಸುಮ್ನೆ ಮಾತಿಗೆ ಮಾತು ಬಂತು.

ವಯಸ್ಸಾದಂತೆ ಆಸಕ್ತಿ ಬದಲಾಗುತ್ತದೆ, ನಿಜ. ಕಾಲೇಜಿನಲ್ಲಿ ಟೇಬಲ್ ಟೆನಿಸ್ ಅಂದರೆ ಪ್ರಾಣ ಬಿಡುತ್ತಿದ್ದ ನನಗೇ ಈಗ ಮಲ್ಲಿಗೆ ಗಿಡದ ಮುಂದೆ ಕೂತರೆ ಸಾಕು. ಆದರೆ 'ಬೇಜಾರಾಯ್ತು, ಬಿಟ್ಟೆ' ಅನ್ನುವವರ ಮಾತನ್ನು ಅವರ ಕಣ್ಣು ನೋಡದೆ ನಾನು ನಂಬುವುದಿಲ್ಲ.

ಕಸೂತಿಯನ್ನೇ ನೋಡಿ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಅನ್ನುವ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ವಾಪಸ್ ಬಂದು, ಬಿಟ್ಟ ಜಾಗ ತುಂಬಬೇಕು. ಒಂದು ಎಳೆ ತಪ್ಪಿದರೂ ಸಾಲು ಸೊಟ್ಟ. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯಾದರಂತೂ ಕರಿ ಎಳೆಯ ಪಕ್ಕ ಕರಿ ಎಳೆ. 40 ದಾಟುವ ಹೊತ್ತಿಗೆ ಕಣ್ಣೊಳಗಿನ ಮಸೂರ ಗಡುಸಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. ಇದೇ ಚಾಳೀಸು. ಜೊತೆಗೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 20ರಲ್ಲಿ ಕಣ್ಣಿನ ಒಳಪರದೆಗೆ ಮುಟ್ಟುತ್ತಿದ್ದ ಬೆಳಕಿನಲ್ಲಿ 60ರ ಹೊತ್ತಿಗೆ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಕಡುನೀಲಿ ದಾರ ಯಾವುದು, ಕರಿ ದಾರ ಯಾವುದು ಗೊತ್ತಾಗುವುದಿಲ್ಲ. ಹಾಕಿದ್ದನ್ನು ನಾಲ್ಕು ಸಲ ಬಿಚ್ಚಿದ ಮೇಲೆ ಯಾರಿಗೆ ಹುಚ್ಚು ಉಳಿದೀತು?

ಅಕ್ಕನಿಗೆ ಪೊರೆ ಬಂದಿರಲಿಲ್ಲ. ಕನ್ನಡಕವೂ ಇತ್ತು, ಆದರೆ ಅದು ಪೇಪರ್ ಓದುವ 40 ಸೆಂ.ಮೀ. ದೂರಕ್ಕೆ ಕೊಟ್ಟದ್ದು. "ಕಸೂತಿ ಹೆಂಗ ಹಿಡೀತೀರಿ, ತೋರಸ್ರಿ" ಅಂದೆ. ಸೆರಗನ್ನೇ ಬೆರಳಿಗೆ ಬಿಗಿದು ಹಿಡಿದರು. ಕಣ್ಣಿನಿಂದ ಅಲ್ಲಿಗೆ ಟೇಪಿನಲ್ಲಿ ಅಳೆದರೆ 28 ಸೆಂ.ಮೀ. ಹಾರ್ಮೋನಿಯಂ ನುಡಿಸುವವರ ಪುಸ್ತಕ ಇದಕ್ಕಿಂತ ಜಾಸ್ತಿ ದೂರದಲ್ಲಿರುತ್ತದೆ, ಕೇರಂ ಬೋರ್ಡಿನ ಆ ಕಡೆಯ ಮೂಲೆ ಇನ್ನೂ ದೂರ. ಒಂದೇ ಕನ್ನಡಕ ಎಲ್ಲಕ್ಕೂ ಹೇಗೆ ಆದೀತು, ಅಲ್ವಾ? ಕಣ್ಣು ತೋರಿಸಲು ಹೋದಾಗ ಮನೆಯಲ್ಲಿ ಏನು ಮಾಡುತ್ತೀರಿ ಅಂತ ನೀವೇ ಹೇಳಿಬಿಡಿ. ನಾವು ಡಾಕ್ಟರುಗಳು ಕೇಳುವುದೇ ಕಡಿಮೆ.

ಮುಂದಿನ ಸಲ ಬಂದಾಗ ಆ ದೂರಕ್ಕೆಂದೇ ಬೇರೆ ಕನ್ನಡಕ ಬರೆದುಕೊಟ್ಟೆ. ಕೆಲಸದ ಮೇಲೆ ನೇರ ಬೀಳುವಂತೆ ಟೇಬಲ್ ಲ್ಯಾಂಪು ಇಡಿ, ಕರಿ ಬಟ್ಟೆಯಾದರೆ ತೊಡೆ ಮೇಲೊಂದು ಬಿಳಿ ಟವೆಲ್ ಹಾಸಿಕೊಳ್ಳಿ ಅಂದೆ. ಎಳೆಗಳ ನಡುವಿನ ಸಂದು ಎದ್ದು ಕಾಣುತ್ತದೆ.

ಎರಡು ತಿಂಗಳಿಗೆ ಮತ್ತೆ ಬಂದರು. "ಕರೀ ಸೀರಿ ಇನ್ನ ಬ್ಯಾಡ್ರಿ, ಸಾಕು. ದಪ್ಪ ಎಳಿ ಬಟ್ಟಿ ಮ್ಯಾಲ ಮೊಮ್ಮಗಳಿಗೆ ಆನಿ ಹಾಕಾಕತ್ತೀನಿ" ಅಂತ ಚೀಲದಿಂದ ತೆಗೆದು ತೋರಿಸಿದರು. ಸೊಂಡಿಲು ಇನ್ನೂ ಆಗಿರಲಿಲ್ಲ.